ಹಸಿರು ಹೋದರೂ ಉಳಿದ ಪ್ಲಾಸ್ಟಿಡ್: ಮಲೇರಿಯಾ ಪರಾವಲಂಬಿ ಮತ್ತು ಬೆಂಗಳೂರಿನ ಸಂಶೋಧನೆ

ಮಲೇರಿಯಾ ತರುವ ಪ್ಲಾಸ್ಮೋಡಿಯಂನ ಪೂರ್ವಜರು ಪಾಚಿಗಳ ಹಾಗೆ ಬೆಳಕುಂಡು ಬದುಕಿದವರು. ಅದರ ಕೋಶದಲ್ಲಿ 1970ರ ದಶಕದಲ್ಲಿ ಕಂಡ ಉಂಗುರಾಕಾರದ ಡಿಎನ್‌ಎಯನ್ನು ಮೊದಲು ಮೈಟೊಕಾಂಡ್ರಿಯದ್ದೆಂದೇ ಎಣಿಸಿದ್ದರು. ಲಂಡನ್ನಿನ ಇಯಾನ್ ವಿಲ್ಸನ್ ಮತ್ತು ಸಂಗಡಿಗರು 1996ರಲ್ಲಿ ಅದನ್ನು ಪೂರ್ತಿ ಓದಿ ಪ್ರಕಟಿಸಿದಾಗ ಅದು ಪ್ಲಾಸ್ಟಿಡ್ (ಗಿಡ, ಪಾಚಿಗಳಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಅಂಗಕ) ಜೀನೋಮ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಉದ್ದ ಸುಮಾರು 35 ಸಾವಿರ ಬೇಸ್ ಜೋಡಿ. ಹಸಿರು ಗಿಡಗಳಲ್ಲಿ ಇದು ಒಂದೂವರೆ ಲಕ್ಷದ ಆಸುಪಾಸು. ದ್ಯುತಿಸಂಶ್ಲೇಷಣೆಯ ಜೀನ್ ಒಂದೂ ಇಲ್ಲ. ನಾಲ್ಕು ಪೊರೆಗಳ ಈ ಅಂಗಕಕ್ಕೆ ಏಪಿಕೋಪ್ಲಾಸ್ಟ್ ಎಂಬ ಹೆಸರು ನಿಂತಿತು. ಸಿಡ್ನಿ ಬಂದರಿನ ಹವಳದಲ್ಲಿ ಸಿಕ್ಕು 2008ರಲ್ಲಿ ವರದಿಯಾದ ಕ್ರೋಮೆರಾ ವೇಲಿಯಾ ಇದರ ನೆಂಟ; ಅದು ಇಂದಿಗೂ ಬೆಳಕನ್ನೇ ನಂಬಿದೆ.

ಮುಂದಿನ ಅಂಗಡಿ ಮುಚ್ಚಿ ಹಿತ್ತಿಲ ಗಿರಣಿಯನ್ನಷ್ಟೇ ನಡೆಸುವ ಮನೆಯಂತೆ ಈ ಅಂಗಕ. ಆ ಗಿರಣಿಯಲ್ಲಿ ಏನು ತಯಾರಾಗುತ್ತದೆ ಎಂಬ ಹುಡುಕಾಟದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರಕ್ತಕಣದ ಹೀಮ್ ಸುತ್ತಲೂ ಇದ್ದರೂ ಪರಾವಲಂಬಿ ತನ್ನ ಹೀಮ್ ತಾನೇ ಮಾಡಿಕೊಳ್ಳುತ್ತದೆ ಎಂದು 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್ ತೋರಿಸಿದರು. ಆ ತಯಾರಿಕೆಯ ಕೆಲವು ಹಂತಗಳು ಏಪಿಕೋಪ್ಲಾಸ್ಟಿನೊಳಗೆ ನಡೆಯುತ್ತವೆಂಬುದು ಆಮೇಲೆ ತಿಳಿಯಿತು. 2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ನಮಿತಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಇನ್ನೊಂದು ಸುಳಿವು ಕೊಟ್ಟರು. ಟೂತ್‌ಪೇಸ್ಟು, ಸೋಪುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್, ಪರಾವಲಂಬಿಯ ಏಪಿಕೋಪ್ಲಾಸ್ಟಿನಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವವೊಂದನ್ನು ತಡೆಯಿತು, ಮಲೇರಿಯಾ ತಗುಲಿದ ಇಲಿಗಳನ್ನೂ ಕಾಪಾಡಿತು.

ಆದರೆ ಕಥೆ ತಿರುಗಿತು. ಕೊಬ್ಬಿನಾಮ್ಲದ ಜೀನ್‌ಗಳನ್ನೇ ತೆಗೆದುಹಾಕಿದ ಪರಾವಲಂಬಿಗಳು ರಕ್ತದಲ್ಲಿ ಆರಾಮವಾಗಿ ಬೆಳೆದವು, ಯಕೃತ್ತಿನ ಕೊನೆಯ ಹಂತದಲ್ಲಿ ಎಡವಿದವು ಎಂದು 2008–09ರ ವರದಿಗಳು ಹೇಳಿದವು. ಹೀಮ್‌ನದೂ ಇದೇ ಹಾದಿ: ಸ್ವಂತ ಹೀಮ್ ಅನಿವಾರ್ಯವಾಗುವುದು ಸೊಳ್ಳೆಯಲ್ಲಿ, ಯಕೃತ್ತಿನಲ್ಲಿ ಎಂದು 2013ರಲ್ಲಿ ಪದ್ಮನಾಭನ್ ತಂಡವೇ ಕಂಡುಕೊಂಡಿತು. ಇದನ್ನು ಹಿನ್ನಡೆ ಎನ್ನುವವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಪ್ಲಾಸ್ಟಿಡ್ ಏಕೆ ಉಳಿಯಿತು ಎಂಬುದಕ್ಕೆ ರಕ್ತದ ಹನಿಯನ್ನಷ್ಟೇ ನೋಡಿದರೆ ಅರ್ಧ ಉತ್ತರ. ಉಳಿದರ್ಧ ಇರುವುದು ಯಕೃತ್ತಿನಲ್ಲಿ, ಮತ್ತು ಬೆಂಗಳೂರಿನ ಅಂಜನಾಪುರದಂಥ ಬಡಾವಣೆಗಳ ಸಂಪು, ಓವರ್‌ಹೆಡ್ ಟ್ಯಾಂಕುಗಳಲ್ಲಿ ಮೊಟ್ಟೆಯಿಡಬಲ್ಲ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಯ ಹೊಟ್ಟೆಯಲ್ಲಿ. 

ರಕ್ತದಲ್ಲಿ ಬಿಡಲಾಗದ ಸರಕು ಒಂದೇ: ಐಸೊಪ್ರೆನಾಯ್ಡ್‌ಗಳ ಮೂಲವಸ್ತು. ಎಲೆನ್ ಯೇ ಮತ್ತು ಜೋಸೆಫ್ ಡಿರೀಸಿ 2011ರಲ್ಲಿ ಅದನ್ನು ಹೊರಗಿನಿಂದ ಒದಗಿಸಿದಾಗ, ಆ್ಯಂಟಿಬಯಾಟಿಕ್ ತಗುಲಿ ಜೀನೋಮ್ ಸಮೇತ ಏಪಿಕೋಪ್ಲಾಸ್ಟ್ ಕಳೆದುಕೊಂಡ ಪರಾವಲಂಬಿಗಳೂ ಬದುಕಿದವು. ಅದನ್ನು ತಯಾರಿಸುವ ಎರಡು ಕಿಣ್ವಗಳಿಗೆ ಕಬ್ಬಿಣ–ಗಂಧಕದ ಗೊಂಚಲು ಬೇಕು. ಗೊಂಚಲು ಕಟ್ಟುವ ಸಫ್‌ಬಿ ಎಂಬ ಪ್ರೋಟೀನಿನ ಜೀನ್ ಪ್ಲಾಸ್ಟಿಡ್‌ನಲ್ಲೇ ಉಳಿದಿದೆ. ಅದಕ್ಕಾಗಿ ರೈಬೋಸೋಮ್ ಬೇಕು, ರೈಬೋಸೋಮಿಗಾಗಿ ಮಿಕ್ಕ ಹೆಚ್ಚಿನ ಜೀನ್‌ಗಳು ಬೇಕು.

ಅಂಥ ಜೀನ್ ಒಂದೂ ಉಳಿಯದಿದ್ದರೆ ಜೀನೋಮ್ ಪೂರ್ತಿ ಹೋಗಬಹುದು. ಬಣ್ಣಗೆಟ್ಟ ಹಸಿರು ಪಾಚಿ ಪಾಲಿಟೊಮೆಲ್ಲಾದಲ್ಲಿ ಪ್ಲಾಸ್ಟಿಡ್ ಇದೆ, ಅದರ ಡಿಎನ್‌ಎಯ ಸುಳಿವೇ ಇಲ್ಲ ಎಂದು ಡೇವಿಡ್ ಸ್ಮಿತ್ ಮತ್ತು ರಾಬರ್ಟ್ ಲೀ 2014ರಲ್ಲಿ ವರದಿ ಮಾಡಿದರು. ಅದೇ ಗುಂಪಿನ ಪಾಲಿಟೊಮಾ ಯೂವೆಲ್ಲಾ ಕೂಡ ಬೆಳಕು ಬಿಟ್ಟಿದ್ದೇ. ಅದರ ಪ್ಲಾಸ್ಟಿಡ್ ಜೀನೋಮ್ ಮಾತ್ರ ಎರಡು ಲಕ್ಷ ಬೇಸ್ ಜೋಡಿ ದಾಟಿ ಊದಿಕೊಂಡಿದೆ. ಕೆಲಸ ಕಡಿಮೆಯಾದರೆ ಜೀನೋಮ್ ಕುಗ್ಗಲೇಬೇಕು ಎಂಬ ಸೂತ್ರ ಅಲ್ಲಿ ನಡೆಯುವುದಿಲ್ಲ.

ಮತ್ತೆ ಮಲೇರಿಯಾಕ್ಕೆ ಬಂದರೆ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೆಲಸ ಮಾಡುವುದೂ ಏಪಿಕೋಪ್ಲಾಸ್ಟಿನ ಆ ರೈಬೋಸೋಮ್‌ಗಳ ಮೇಲೆ. ಮಾತ್ರೆ ನುಂಗಿದಾಗ ರಕ್ತದಲ್ಲಿದ್ದ ಪರಾವಲಂಬಿಯ ಪೀಳಿಗೆ ಸುಮಾರು 48 ಗಂಟೆಯ ತನ್ನ ಚಕ್ರ ಮುಗಿಸುತ್ತದೆ. ಸಾಯುವುದು ಅದರ ಮುಂದಿನದು. ಆದ್ದರಿಂದಲೇ ಏರಿದ ಮಲೇರಿಯಾ ಜ್ವರಕ್ಕೆ ವೈದ್ಯರು ಅದೊಂದನ್ನೇ ಬರೆದುಕೊಡುವುದಿಲ್ಲ.