ಮದಗುಣಿಕೆ

ಮದಗುಣಿಕೆಯು ಬದನೆಯ ಕುಟುಂಬವಾದ ಸೊಲನೇಸಿಗೆ ಸೇರಿದ ಒಂದು ವಿಷಸಸ್ಯ. ಇದರ ವೈಜ್ಞಾನಿಕ ಹೆಸರು ದಟೂರ ಮೆಟೆಲ್. ದತ್ತೂರಿ, ಉಮ್ಮತ್ತಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಉಮ್ಮತ್ತಿ ಎಂಬುದು ಸಂಸ್ಕೃತದ 'ಉನ್ಮತ್ತ' ಶಬ್ದದಿಂದ ಬಂದಿದ್ದು, ಗಿಡವನ್ನು ತಿಂದವರ ಸ್ಥಿತಿಯನ್ನೇ ಸೂಚಿಸುತ್ತದೆ.

ಆವಾಸ

ತಿಪ್ಪೆ, ಹಾಳುಬಿದ್ದ ಹೊಲ, ಕೆರೆಯ ಏರಿ, ರಸ್ತೆಯ ಅಂಚು, ಕಟ್ಟಡದ ಅವಶೇಷ ಸುರಿದ ಜಾಗ ಇದಕ್ಕೆ ಪ್ರಿಯ. ಸಾರಜನಕ ಹೆಚ್ಚಿರುವ, ಆಗಾಗ ಕೆದಕಿದ ಮಣ್ಣಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಹೆಬ್ಬಾಳ ಕೆರೆಯ ಸಮೀಪದ ಕೆಂಪಾಪುರದಂತಹ, ಹಳ್ಳಿಯಿಂದ ಬಡಾವಣೆಯಾದ ಪ್ರದೇಶಗಳ ಖಾಲಿ ನಿವೇಶನಗಳು ಇಂತಹುದೇ ನೆಲ. ಕೆಟ್ಟ ವಾಸನೆಯ ಕಾರಣ ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಹಾಗಾಗಿ ಸುತ್ತಲಿನ ಹುಲ್ಲು ಮೇಯ್ದುಹೋದರೂ ಇದು ಉಳಿಯುತ್ತದೆ.

ಲಕ್ಷಣಗಳು

ಸುಮಾರು ಒಂದು ಮೀಟರ್ ಎತ್ತರದ ಪೊದೆ. ಬಿಳಿ ಅಥವಾ ನೇರಳೆ ಬಣ್ಣದ ಕಹಳೆಯಾಕಾರದ ಹೂವು ಸಂಜೆ ಅರಳುತ್ತದೆ. ಕಾಯಿ ದುಂಡಗಿದ್ದು, ಮೈಮೇಲೆ ಮೊಂಡು ಮುಳ್ಳುಗಳಿರುತ್ತವೆ. ಈ ಹೂವು ಶಿವನ ಪೂಜೆಗೆ ಸಲ್ಲುತ್ತದೆ.

ಮೂಲ

ದಟೂರ ಕುಲದ ಎಲ್ಲ ಪ್ರಭೇದಗಳ ತವರು ಅಮೆರಿಕ ಖಂಡ. ಆದ್ದರಿಂದ ಯುರೋಪಿಯನ್ನರೇ ಇದನ್ನು ಭಾರತಕ್ಕೆ ತಂದರೆಂದು ನಂಬಲಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ಜರ್ನಲ್ ಆಫ್ ಬಯೋಸೈನ್ಸಸ್' ಪತ್ರಿಕೆಯಲ್ಲಿ 2007ರಲ್ಲಿ ಆರ್. ಗೀತಾ ಮತ್ತು ವಲೀದ್ ಘರೈಬೆ ಇದನ್ನು ಪ್ರಶ್ನಿಸಿದರು. ಪ್ರಾಚೀನ ಭಾರತೀಯ ಹಾಗೂ ಅರಬ್ಬಿ ಗ್ರಂಥಗಳು, ದಕ್ಷಿಣ ಭಾರತದ ಶಿಲ್ಪಗಳ ಆಧಾರದಿಂದ, ಮದಗುಣಿಕೆ ಕೊಲಂಬಸನಿಗಿಂತ ಮೊದಲೇ, ಬಹುಶಃ ಕ್ರಿ.ಶ. ಮೊದಲ ಸಹಸ್ರಮಾನದಲ್ಲಿ, ಇತ್ತ ಬಂದಿತ್ತೆಂದು ವಾದಿಸಿದರು. ಹೇಗೆ ಬಂತೆಂಬುದು ಮಾತ್ರ ಇನ್ನೂ ಬಗೆಹರಿಯದ ಕುತೂಹಲ.

ವಿಷ

ಗಿಡದ ಎಲ್ಲ ಭಾಗಗಳೂ, ವಿಶೇಷವಾಗಿ ಬೀಜಗಳು, ವಿಷಕಾರಿ. ಸ್ಕೋಪೊಲಮೀನ್, ಹಯೋಸಯಮೀನ್, ಅಟ್ರೋಪೀನ್ ಎಂಬ ಆಲ್ಕಲಾಯ್ಡ್‌ಗಳು ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುತ್ತವೆ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಚರ್ಮ ಬಿಸಿಯಾಗಿ ಕೆಂಪಾಗುವುದು, ಮೂತ್ರ ಕಟ್ಟುವುದು, ಎದೆಬಡಿತದ ವೇಗ, ಭ್ರಮೆ, ಅಸಂಬದ್ಧ ಮಾತು ಇದರ ಚಿಹ್ನೆಗಳು. ತೀವ್ರವಾದರೆ ಸಾವೂ ಸಂಭವಿಸಬಹುದು. ಬೇಯಿಸುವುದರಿಂದ ವಿಷ ಹೋಗುವುದಿಲ್ಲ.

ಹಳೆ ಮೈಸೂರು ಸೀಮೆಯಲ್ಲಿ ಬೆರಕೆ ಸೊಪ್ಪನ್ನು ಹೊಲ, ಬದುಗಳಿಂದ ಆಯ್ದು ತರುವ ರೂಢಿಯಿದೆ. ಅದರಲ್ಲಿ ಸೇರುವ ಗಣಿಕೆ ಸೊಪ್ಪು ಇದೇ ಕುಟುಂಬದ್ದು, ಹೆಸರುಗಳೂ ಹತ್ತಿರ. ಗಣಿಕೆಯ ಹೂವು ಚಿಕ್ಕದು, ನಕ್ಷತ್ರದಂತಹುದು. ಹಣ್ಣು ಬಟಾಣಿಗಿಂತ ದೊಡ್ಡದಲ್ಲ, ಮುಳ್ಳಿಲ್ಲ. ಹೂವು ಬಿಡದ ಎಳೆಯ ಗಿಡಗಳಲ್ಲಿ ಈ ವ್ಯತ್ಯಾಸ ಕಾಣದು. ಆಗ ಎಲೆಯನ್ನು ಉಜ್ಜಿ ನೋಡಿದರೆ ಮದಗುಣಿಕೆಯ ದುರ್ವಾಸನೆ ಗೊತ್ತಾಗುತ್ತದೆ. ಬೀಜಗಳು ಒಣಮೆಣಸಿನಕಾಯಿಯ ಬೀಜಗಳನ್ನು ಹೋಲುತ್ತವಾದರೂ ಕಂದು ಬಣ್ಣದವು, ಖಾರವಿಲ್ಲದವು. ಪ್ರಯಾಣಿಕರ ಆಹಾರದಲ್ಲಿ ಇವನ್ನು ಬೆರೆಸಿ ದೋಚುವ ಕೃತ್ಯಗಳಿಂದಾಗಿ ನ್ಯಾಯವೈದ್ಯಶಾಸ್ತ್ರದಲ್ಲಿ ಇದಕ್ಕೆ 'ದಾರಿಯ ವಿಷ' ಎಂಬ ಹೆಸರಿದೆ.

ತಿಂದವರನ್ನು ಮನೆಯಲ್ಲಿ ವಾಂತಿ ಮಾಡಿಸದೆ, ಗಿಡದ ತುಣುಕಿನೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ತೀವ್ರ ಪ್ರಕರಣಗಳಲ್ಲಿ ವೈದ್ಯರು ಫೈಸೊಸ್ಟಿಗ್ಮೀನ್ ಎಂಬ ಪ್ರತಿವಿಷವನ್ನು ಬಳಸುವುದುಂಟು.