ರೈಲು ಬಿಟ್ಟುಹೋದ ಸೇತುವೆ

ನಮ್ಮ ತಾಳವಾಡಿ ಬೆಟ್ಟಕ್ಕೆ ರೈಲು ಬರಲೇ ಇಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಹಳಿ ಹಾಕುವ ಮಾತು ಬಹಳ ಹಳೆಯದು. ಆದರೆ ನಡುವೆ ಇರುವುದು ಕಾಡು. 2013ರಲ್ಲಿ ಅದು ಹುಲಿ ರಕ್ಷಿತಾರಣ್ಯವೂ ಆಯಿತು. ಹಾಗಾಗಿ ನಮ್ಮ ಮಕ್ಕಳು ಹತ್ತಿರದಲ್ಲಿ ರೈಲು ನೋಡಬೇಕೆಂದರೆ ಗಡಿ ದಾಟಿ ಚಾಮರಾಜನಗರಕ್ಕೇ ಹೋಗಬೇಕು. ಹಳಿ ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಂದ ಮೈಸೂರಿನ ಕಡೆ ಹೊರಟರೆ ದಾರಿಯಲ್ಲಿ ನಂಜನಗೂಡು. ಅಲ್ಲಿ ಕಪಿಲೆಗೆ, ಅಂದರೆ ಕಬಿನಿ ಹೊಳೆಗೆ, ಅಡ್ಡಲಾಗಿ ಒಂದು ಹಳೆಯ ಕಲ್ಲಿನ ಸೇತುವೆ ಇದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಹಳಿಯ ಮೇಲೆ ಓಡುವ ಮೊದಲ ಉಗಿಬಂಡಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಕಾಣಿಸಿಕೊಂಡದ್ದು 1804ರಲ್ಲಿ! ಅಂದರೆ ಈ ಸೇತುವೆ ಕಟ್ಟಿದ್ದು ರೈಲಿಗಲ್ಲ. ನಡೆದು ಹೋಗುವವರಿಗೆ, ಎತ್ತಿನ ಗಾಡಿಗಳಿಗೆ, ನಂಜುಂಡೇಶ್ವರನಿಗೆ ಹರಕೆ ಹೊತ್ತು ಬಂದವರಿಗೆ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂತು. ಇದೇ ಸೇತುವೆಯ ಮೇಲೆ ರಸ್ತೆಯ ಜೊತೆಗೇ ಹಳಿ ಹಾಸಿದರು. 1926ರಲ್ಲಿ ಹಳಿ ಚಾಮರಾಜನಗರಕ್ಕೆ ಮುಟ್ಟಿತು. ಬ್ರಾಡ್ ಗೇಜ್ ಕೆಲಸ ಶುರುವಾಗಿ 2007ರಲ್ಲಿ ಹಳೆಯ ಸೇತುವೆಯ ಮೇಲೆ ರೈಲು ನಿಂತಿತು. ರೈಲಿಗೆ ಬೇರೆ ಸೇತುವೆ ಆಯಿತು. ಲೆಕ್ಕ ಹಾಕಿ ನೋಡಿ: ರೈಲು ಬರುವ ಮೊದಲು 156 ವರ್ಷ, ರೈಲಿನ ಜೊತೆ 116 ವರ್ಷ. ರೈಲು ಅಲ್ಲಿ ಬಾಡಿಗೆಗೆ ಇದ್ದ ಹಾಗೆ.

ರೈಲು ಬಿಟ್ಟ ದಾರಿಯನ್ನು ಏನು ಮಾಡುವುದು? ಅಮೆರಿಕದ ಷಿಕಾಗೋದಲ್ಲಿ 1963ರಲ್ಲಿ ಮೇ ವಾಟ್ಸ್ ಎಂಬ ನಿಸರ್ಗಪ್ರೇಮಿ ಮಹಿಳೆ ಪತ್ರಿಕೆಗೊಂದು ಕಾಗದ ಬರೆದರು. ನಿಂತುಹೋದ ರೈಲುದಾರಿಯನ್ನು ನಡೆಯುವವರಿಗೆ ಕೊಡಿ ಎಂದು ಕೇಳಿದರು. ಅದರಿಂದಲೇ ಇಲಿನಾಯ್ ಪ್ರೇರಿ ಪಥ ಹುಟ್ಟಿತು. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್‌ನಿಂದ ಬಾತ್‌ವರೆಗಿನ ಸುಮಾರು 21 ಕಿಲೋಮೀಟರ್ ಹಳೆಯ ರೈಲುದಾರಿ 1979ರಿಂದ 1986ರ ಒಳಗೆ ಸೈಕಲ್ ದಾರಿಯಾಯಿತು. ಇಂಥ ದಾರಿಯ ಅನುಕೂಲ ಒಂದೇ: ರೈಲು ಕಡಿದಾದ ಏರು ಹತ್ತಲಾರದು, ಆದ್ದರಿಂದ ಅದರ ದಾರಿ ಹೆಚ್ಚು ಕಡಿಮೆ ಸಮತಟ್ಟು. ಪುಟ್ಟ ಮಕ್ಕಳೂ ಸೈಕಲ್ ತುಳಿಯಬಹುದು, ಮುದುಕರೂ ನಡೆಯಬಹುದು. ದಿಂಬಂ ಘಾಟಿಯ 27 ತಿರುವು ಬಲ್ಲ ನಮಗೆ ಅದರ ಸುಖ ಬೇರೆ ಹೇಳಬೇಕೇ?

ನಂಜನಗೂಡಿನ ಸೇತುವೆ ಬಲು ಉದ್ದದ್ದೇನಲ್ಲ. ಆದರೂ ಅದನ್ನು ಬರೀ ನೋಡುವ ಸ್ಮಾರಕವಾಗಿಸಿ ಬಿಟ್ಟರೆ ಸಾಲದು. ಜನ ಓಡಾಡದ ಕಟ್ಟಡದ ಸಂದಿಯಲ್ಲಿ ಅರಳಿ ಮೊಳೆಯುತ್ತದೆ, ಬೇರು ಕಲ್ಲನ್ನು ಸೀಳುತ್ತದೆ. ಸರಿಯಾಗಿ ದುರಸ್ತಿ ಮಾಡಿ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಿಟ್ಟರೆ, ಅದು ಹೊಸ ಯೋಜನೆ ಅಲ್ಲ. ಯಾರಿಗೆಂದು ಕಟ್ಟಿದ್ದರೋ ಅವರಿಗೇ ಹಿಂತಿರುಗಿಸಿದಂತೆ. ರೈಲಿಲ್ಲದ ಊರಿನ ನಾವು ನಡೆಯುವುದಕ್ಕೆ ಹೆದರುವವರಲ್ಲ, ಮಕ್ಕಳನ್ನು ಕರೆದುಕೊಂಡು ಮೊದಲು ಬರುವವರು ನಾವೇ. ಏನಂತೀರಿ?