ಒಂದು ಕೀಲಿಯ ಎರಡು ವಂಶಾವಳಿ

ಲಿನಕ್ಸ್ ಗಣಕದ ಟರ್ಮಿನಲ್ ಕಿಟಕಿಯಲ್ಲಿ ಕಂಡ ನಾಲ್ಕು ಸಾಲನ್ನು ನಕಲು ಮಾಡಿಕೊಳ್ಳೋಣವೆಂದು ಕಂಟ್ರೋಲ್ ಕೀಲಿಯೊಡನೆ ಸಿ ಕೀಲಿಯನ್ನು ಒತ್ತಿದವನಿಗೆ ನಕಲು ದೊರೆಯುವುದಿಲ್ಲ. ಗಂಟೆಗಟ್ಟಲೆಯಿಂದ ನಡೆದು ಬಂದ ಕೆಲಸ ನಡುವೆಯೇ ನಿಂತುಹೋಗುತ್ತದೆ. ಉಳಿದೆಡೆ ನಕಲಿಗೆ ಸಲ್ಲುವ ಕೀಲಿ ಇಲ್ಲಿ ಕೆಲಸ ಕೆಡಿಸುವುದೇಕೆ? ಹೊಸಬರು ಇದನ್ನು ಲಿನಕ್ಸಿನ ಮೊಂಡುತನವೆಂದು ಬೈಯುವುದುಂಟು. ಚರಿತ್ರೆಯನ್ನು ನೋಡಿದರೆ, ಈ ಕೀಲಿಯ ಮೇಲೆ ಹಿರಿಯ ಹಕ್ಕು ಟರ್ಮಿನಲ್ಲಿನದೇ.

ಆಸ್ಕಿ ಎಂಬ ಅಕ್ಷರಸಂಕೇತಗಳ ಪಟ್ಟಿ ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಯಿತು. ಅದು ಟೆಲಿಪ್ರಿಂಟರುಗಳ ಕಾಲ. ಪಟ್ಟಿಯ ಮೊದಲ 32 ಸಂಖ್ಯೆಗಳು ಅಕ್ಷರಗಳಿಗಲ್ಲ, ತಂತಿಯಾಚೆಯ ಯಂತ್ರಕ್ಕೆ ಕೊಡುವ ಅಪ್ಪಣೆಗಳಿಗೆ ಮೀಸಲು. ದೊಡ್ಡ ಸಿ ಅಕ್ಷರದ ಸಂಖ್ಯೆ 67. ಕಂಟ್ರೋಲ್ ಅದುಮಿ ಸಿ ಒತ್ತಿದರೆ ಅದರಲ್ಲಿ 64 ಕಳೆದು 3 ಹೋಗುತ್ತದೆ. ಮೂರೆಂದರೆ ‘ಒಕ್ಕಣೆ ಮುಗಿಯಿತು’ ಎಂದು. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಗಣಕಗಳಲ್ಲಿ ಇದನ್ನೇ ‘ನಡೆಯುತ್ತಿರುವುದನ್ನು ನಿಲ್ಲಿಸು’ ಎಂಬ ಅರ್ಥಕ್ಕೆ ಒಗ್ಗಿಸಿಕೊಂಡರು. ಯುನಿಕ್ಸ್ ಮೊದಮೊದಲು ಈ ಕೆಲಸಕ್ಕೆ ಅಳಿಸುವ ಕೀಲಿಯನ್ನು ಬಳಸುತ್ತಿತ್ತು. ಕಾಲಕ್ರಮದಲ್ಲಿ ಅದೂ ಇತ್ತ ವಾಲಿತು. 1991ರಲ್ಲಿ ಫಿನ್ಲೆಂಡಿನ ಲಿನುಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೆ ಇದು ಪಿತ್ರಾರ್ಜಿತವಾಗಿ ಬಂತು.

ನಕಲಿನ ಮನೆತನ ಬೇರೆ. ಕರಡಿನ ಹಾಳೆಯನ್ನು ಕತ್ತರಿಸಿ ಬೇರೆಡೆ ಅಂಟಿಸುವುದು ಸಂಪಾದಕರ ಹಳೆಯ ಪದ್ಧತಿ. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು 1975ರ ಸುಮಾರಿಗೆ, ಪಠ್ಯಪುಸ್ತಕ ಪ್ರಕಾಶಕರಾದ ಗಿನ್ ಸಂಸ್ಥೆಯವರಿಗಾಗಿ ಜಿಪ್ಸಿ ಎಂಬ ಬರೆವಣಿಗೆಯ ಸಾಧನವನ್ನು ರಚಿಸಿ, ಆ ಕತ್ತರಿ ಗೋಂದುಗಳನ್ನು ಪರದೆಯ ಮೇಲೆ ತಂದರು. 1983ರ ಆಪಲ್ ಲೀಸಾದಲ್ಲಿ ಕತ್ತರಿಸಲು ಎಕ್ಸ್, ನಕಲಿಗೆ ಸಿ, ಅಂಟಿಸಲು ವಿ ಎಂದಾಯಿತು. ಆದರೆ ಅಲ್ಲಿ ಅದುಮಬೇಕಾದದ್ದು ಆಪಲ್ಲಿನ ಗುರುತುಳ್ಳ ಬೇರೊಂದು ಕೀಲಿ. ಹಳೆಯ ಕಂಟ್ರೋಲಿನ ತಂಟೆಗೆ ಅವರು ಹೋಗಲಿಲ್ಲ. ನನಗೆ ಮೆಚ್ಚಿಗೆಯಾದ ಏರ್ಪಾಡು ಅದೇ. ಮುಂದೆ ವಿಂಡೋಸ್ ಇವನ್ನು ಕಂಟ್ರೋಲಿಗೇ ಗಂಟುಹಾಕಿದ ಮೇಲೆ ವ್ಯಾಜ್ಯ ಬೆಳೆಯಿತು.

ಟರ್ಮಿನಲ್ಲಿನವರು ಕಂಡುಕೊಂಡ ರಾಜಿ ಇದು: ಹಳೆಯ ಪಟ್ಟಿಯಲ್ಲಿ ಶಿಫ್ಟ್ ಸೇರಿದ ಕಂಟ್ರೋಲ್-ಸಿಗೆ ಬೇರೆ ಸಂಖ್ಯೆಯಿಲ್ಲವಾದ್ದರಿಂದ, ಆ ಮೂರು ಕೀಲಿಗಳ ಕೂಟವನ್ನು ಕಿಟಕಿಯೇ ನಕಲಿಗಾಗಿ ಹಿಡಿದುಕೊಳ್ಳುತ್ತದೆ. ಅಂಟಿಸುವುದಕ್ಕೆ ಅದೇ ರೀತಿ ವಿ. 1984ರಲ್ಲಿ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ಕಿಟಕಿ ವ್ಯವಸ್ಥೆಯದು ಇನ್ನೊಂದು ದಾರಿ. ಅಲ್ಲಿ ಮೌಸಿನಿಂದ ಸಾಲನ್ನು ಗುರುತಿಸಿದರೆ ಸಾಕು, ನಡುಗುಂಡಿ ಒತ್ತಿದೆಡೆ ಅದು ಬಂದು ಕೂರುತ್ತದೆ. ವಾಸ್ತವವಾಗಿ ಗುರುತಿಸಿದಾಗ ಏನೂ ನಕಲಾಗಿರುವುದಿಲ್ಲ. ಅಂಟಿಸುವವನು ಕೇಳಿದಾಗ ಮೂಲದ ಒಡೆಯನು ಕೊಡುತ್ತಾನೆ. ಅಷ್ಟರಲ್ಲಿ ಒಡೆಯನ ಕಿಟಕಿ ಮುಚ್ಚಿದರೆ ಎರವಲೂ ಹೋಯಿತು!

ಅಂಟಿಸುವಲ್ಲಿಯೂ ಅಪಾಯವಿತ್ತು. ಎಲ್ಲಿಂದಲೋ ತಂದ ಅಪ್ಪಣೆಯ ಕೊನೆಯಲ್ಲಿ ಸಾಲುಮುರಿತವೊಂದು ಅಡಗಿದ್ದರೆ, ಓದಿ ನೋಡುವ ಮೊದಲೇ ಅದು ಜಾರಿಯಾಗಿಬಿಡುತ್ತಿತ್ತು. ಕಡತಗಳನ್ನು ಅಳಿಸುವ ಅಪ್ಪಣೆಯಾದರೂ ಸರಿಯೆ. 2020ರ ಕೊನೆಯಲ್ಲಿ ಹೊರಬಂದ ಬ್ಯಾಷ್ 5.1ರಿಂದೀಚೆಗೆ, ಅಂಟಿಸಿದ್ದು ಸಾಮಾನ್ಯವಾಗಿ ಎಂಟರ್ ಒತ್ತುವವರೆಗೂ ಸುಮ್ಮನೆ ಕಾದಿರುತ್ತದೆ.